ದೇವರ ಕೋಣೆಯ ಹಸಿರು ವೈರು

ಗಾಳೆಪ್ಪನಿಗೆ ಒಂದು ಜಂಬ ಇತ್ತು, ಅದನ್ನು ಅವನು ಮುಚ್ಚಿಟ್ಟುಕೊಂಡವನಲ್ಲ. ಮಸ್ಕಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಯಾರು ಕೂತಿದ್ದರೂ ಸರಿ, ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತಿತ್ತು. "ಮೂವತ್ತೆಂಟು ವರ್ಷ ಆತು ನಾ ಸ್ಕ್ರೂಡ್ರೈವರ್ ಹಿಡದು. ನಾ ವೈರಿಂಗ್ ಮಾಡಿದ ಮನ್ಯಾಗ ಇವತ್ತಿನತನಾ ಒಬ್ಬರಿಗೂ ಕರೆಂಟ್ ಹೊಡದಿಲ್ಲ" ಎನ್ನುತ್ತಿದ್ದ. ಕೇಳಿದವರು ತಲೆಯಾಡಿಸುತ್ತಿದ್ದರು. ಅದು ನಿಜವೆಂದು ಊರೂ ನಂಬಿತ್ತು, ಅವನೂ ನಂಬಿದ್ದ.

ಕೆಲಸ ಕಲಿತದ್ದು ಲಿಂಗಸುಗೂರಿನ ಬಾಬುಸಾಬ್ ಮೇಸ್ತ್ರಿಯ ಹತ್ತಿರ. ಬಾಬುಸಾಬ್ ಬಾಯಿಬಡುಕ, ಸಿಟ್ಟಿನ ಮನುಷ್ಯ, ಆದರೆ ಕಲಿಸಿದ ಪಾಠ ಗಟ್ಟಿ. ಬಲ್ಬು ಹತ್ತಿದ ಕೂಡಲೇ ಕೆಲಸ ಮುಗಿಯಿತೆಂದು ಎದ್ದು ಹೋಗುವವನು ವೈರ್‌ಮನ್ ಅಲ್ಲ ಎನ್ನುತ್ತಿದ್ದ. ಕೆಂಪು ವೈರು ಕರೆಂಟು ತರುತ್ತದೆ, ಕಪ್ಪು ವೈರು ತಿರುಗಿ ಒಯ್ಯುತ್ತದೆ, ಇನ್ನು ಹಸಿರು ವೈರು ಬಲ್ಬಿಗೆ ಬೇಕಾಗಿಲ್ಲ, ಮನುಷ್ಯನಿಗೆ ಬೇಕು. ಕರೆಂಟು ಎಲ್ಲಾದರೂ ಸೋರಿ ಕಬ್ಬಿಣಕ್ಕೋ ಹಿತ್ತಾಳೆಗೋ ಇಳಿದರೆ ಅದನ್ನು ನೆಲಕ್ಕೆ ಒಯ್ದು ಹಾಕುವುದು ಹಸಿರು ವೈರೇ. ಗಾಳೆಪ್ಪ ಇದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡ. ಸಿಂಧನೂರಿನ ಅಕ್ಕಿ ಗಿರಣಿಯಿರಲಿ, ಆರ್.ಎಚ್. ಕ್ಯಾಂಪಿನ ನಿರಾಶ್ರಿತರ ತಗಡಿನ ಮನೆಯಿರಲಿ, ಮೊದಲು ಅಂಗಳದಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ ಅರ್ಥಿಂಗ್ ಮಾಡುವವನೇ. ಬೇಸಿಗೆಯಲ್ಲಿ ಆ ಗುಂಡಿಗೆ ದಿನಾ ಒಂದು ಕೊಡ ನೀರು ಹಾಕಿರೆಂದು ಮನೆಯ ಹೆಂಗಸರಿಗೆ ಹೇಳಿ ಹೇಳಿ ಬೇಸರ ಹುಟ್ಟಿಸುತ್ತಿದ್ದ. "ನನಗಿಂತ ಆ ಗುಂಡಿ ಮ್ಯಾಲೆ ನಿನಗ ಕಾಳಜಿ ಜಾಸ್ತಿ" ಎಂದು ಹೆಂಡತಿ ಅಮರಮ್ಮ ಕಾಲೆಳೆಯುತ್ತಿದ್ದಳು.

ಈ ಮಾರ್ಚಿನಲ್ಲಿ ಕಿರಾಣಿ ವ್ಯಾಪಾರಿ ಬಸವಂತರಾಯನ ಮನೆಯಿಂದ ಕರೆ ಬಂತು. ಮಗಳು ಭಾಗ್ಯಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಮಸ್ಕಿಯ ಬಿಸಿಲಿಗೆ ಬಾಣಂತಿಯ ಕೋಣೆಗೊಂದು ಏ.ಸಿ. ಇರಲಿ ಎಂದು ತಾಯಿ ಕಲ್ಯಾಣಮ್ಮ ತರಿಸಿದ್ದಳು. ಅದನ್ನು ಕೂಡಿಸಲು ಬಂದ ಮೌಲಾಹುಸೇನ ಗೋಡೆಯ ಮೇಲಿನ ಕಟ್ಟಿಗೆ ಪಟ್ಟಿಯ ವೈರಿಂಗು, ಪಿಂಗಾಣಿಯ ಫ್ಯೂಸು ನೋಡಿ ಕೈ ಮುಗಿದು ಎದ್ದುಬಿಟ್ಟ. ಮೊದಲು ಇಡೀ ಮನೆಯ ವೈರು ಬದಲಿಸಿ, ಆಮೇಲೆ ನನ್ನನ್ನು ಕರೆಯಿರಿ ಎಂದ. ಆ ವೈರಿಂಗು ಗಾಳೆಪ್ಪನದೇ, ಮೂವತ್ತೈದು ವರ್ಷದ ಹಿಂದಿನದು.

ಮೂರು ದಿನ ಅವನು ಒಬ್ಬನೇ ದುಡಿದ. ತನ್ನ ಹಳೆಯ ಕೆಲಸವನ್ನು ತಾನೇ ಕಿತ್ತೊಗೆಯುವುದರಲ್ಲಿ ಅವನಿಗೆ ದುಃಖವಿರಲಿಲ್ಲ, ಪ್ರತಿಯೊಂದು ಗಂಟು ಬಿಗಿಯಾಗಿಯೇ ಇದ್ದದ್ದು ಕಂಡು ಖುಷಿಯೇ ಇತ್ತು. ಹೊಸ ತಾಮ್ರದ ವೈರು ಎಳೆದ, ಹೊಸ ಅರ್ಥಿಂಗ್ ಗುಂಡಿ ತೋಡಿದ, ಯಾರಿಗಾದರೂ ಕರೆಂಟು ತಾಗಿದರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಕಡಿದುಕೊಳ್ಳುವ ಸ್ವಿಚ್ಚಿನ ಡಬ್ಬಿ ಕೂಡಿಸಿದ. ಉಳಿದದ್ದು ದೇವರ ಕೋಣೆ ಮಾತ್ರ.

ಆ ಕೋಣೆಯೊಳಗೆ ಗಾಳೆಪ್ಪ ಎಂದೂ ಕಾಲಿಟ್ಟಿರಲಿಲ್ಲ. ಮೊದಲ ಸಲ ವೈರಿಂಗ್ ಮಾಡಿದಾಗ, ಅವನ ಕೇರಿಯವರನ್ನು ಅಂಥ ಮನೆಗಳ ದೇವರ ಕೋಣೆಗೆ ಬಿಡುವ ಕಾಲ ಅದಾಗಿರಲಿಲ್ಲ. ಅಡುಗೆಮನೆಗೇನೋ ಬಿಟ್ಟುಕೊಂಡಿದ್ದರು, ಆಮೇಲೆ ತೊಳೆದು ಗೋಮೂತ್ರ ಚಿಮುಕಿಸಿದರಾಯಿತು ಎಂದು. ದೇವರ ಕೋಣೆಯ ಬಾಗಿಲಿಗೆ ಬಂದಾಗ ಬಸವಂತರಾಯ ಅಡ್ಡ ನಿಂತಿದ್ದ. ಆಗ ಇಪ್ಪತ್ತೆಂಟರ ಪ್ರಾಯದವನು. "ಅವ್ವನ ಮಡಿ ಅದಾ ಗಾಳೆಪ್ಪ. ನೀ ಹೊರಗ ನಿಂತು ಹೇಳು, ಒಳಗ ನಾ ಜೋಡಸ್ತೀನಿ" ಎಂದಿದ್ದ. ಅವನ ತಾಯಿ ಶಿವಗಂಗಮ್ಮನಿಗೆ ಕಣ್ಣು ಮಂಜಾಗಿ ಅಂಗೈಯ ಲಿಂಗ ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೆ ಮಗ ಲಿಂಗಸುಗೂರಿನಿಂದ ಬಲ್ಬು ಕೂಡಿಸುವಂಥ ಹಿತ್ತಾಳೆಯ ತೂಗುದೀಪ ತಂದಿದ್ದ. ಗಾಳೆಪ್ಪ ಹೊಸ್ತಿಲಾಚೆ ನಿಂತು ಒಂದೊಂದೇ ವೈರು ಹೇಳಿದ. ಹಸಿರು ವೈರನ್ನು ಹಿತ್ತಾಳೆಯ ಮೈಗೆ ಬಿಗಿಯಬೇಕೆಂದು ಎರಡು ಸಲ ಹೇಳಿದ. "ಮೂರೂ ಕೂಡ್ಸಿದ್ರ್ಯಾ?" ಎಂದು ಕೇಳಿದ. "ಕೂಡ್ಸಿದ್ನಿ" ಎಂದು ಉತ್ತರ ಬಂತು. ಬಲ್ಬು ಹತ್ತಿತು, ಒಳಗಿನಿಂದ ಮುದುಕಿ ನಕ್ಕದ್ದು ಕೇಳಿತು. ಹೊರಗೆ ನಿಲ್ಲಿಸಿದ್ದು ಆಗ ಅವನಿಗೆ ಅಂಥ ವಿಶೇಷವೇನೂ ಅನಿಸಲಿಲ್ಲ. ರಾತ್ರಿ ಮನೆಗೆ ಹೋಗಿ ಮಲಗಿದಾಗ ಆ ಮಾತು ಚುಚ್ಚತೊಡಗಿತು, ಮತ್ತೆ ಬಿಡಲೇ ಇಲ್ಲ.

ಮೂರನೆಯ ವರ್ಷ, ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ, ಶಿವಗಂಗಮ್ಮ ಅದೇ ದೀಪದ ಕೆಳಗೆ ಸತ್ತುಬಿದ್ದಿದ್ದಳು. ಮಿಂದು ಒದ್ದೆ ಸೀರೆಯಲ್ಲೇ ಪೂಜೆಗೆ ಹೋದವಳು, ಕೈಯಲ್ಲಿ ಹೂವಿನ ಮಾಲೆ ಹಾಗೇ ಇತ್ತು. ಅವಳ ಉಸಿರೂ ದೀಪದ ಬೆಳಕೂ ಒಮ್ಮೆಗೇ ಹೋದವು ಎಂದು ಮನೆಯವರು ಹೇಳಿದರು. ಮಠದ ಸ್ವಾಮಿಗಳು ಬಂದು, ಇದು ಸಾವಲ್ಲ, ಪೂಜೆಯಲ್ಲೇ ಲಿಂಗದಲ್ಲಿ ಒಂದಾದದ್ದು ಎಂದರು. ಆ ದೀಪವನ್ನು ಮತ್ತೆ ಯಾರೂ ಹಚ್ಚಲಿಲ್ಲ. ಅದರ ಸ್ವಿಚ್ಚಿನ ಮೇಲೆ ಬಸವಂತರಾಯ ತಾಯಿಯ ಫೋಟೋ ತೂಗುಹಾಕಿದ. ಪ್ರತಿ ವರ್ಷ ಆ ದಿನ ಓಣಿಗೆಲ್ಲ ಗೋಧಿ ಹುಗ್ಗಿಯ ಊಟ. ಗಾಳೆಪ್ಪನೂ ತಪ್ಪದೆ ಹೋಗಿ ಉಣ್ಣುತ್ತಿದ್ದ.

"ಒಳಗ ಬರ್ರಿ ಗಾಳೆಪ್ಪಣ್ಣ, ಯಾಕ ಅಲ್ಲೇ ನಿಂತ್ರಿ" ಎಂದಳು ಈಗ ಕಲ್ಯಾಣಮ್ಮ. ಅವಳು ಅದನ್ನು ಎಷ್ಟು ಸಲೀಸಾಗಿ ಹೇಳಿದಳೆಂದರೆ, ಗಾಳೆಪ್ಪನಿಗೆ ಒಂದು ಕ್ಷಣ ತಾನು ಏನನ್ನು ದಾಟುತ್ತಿದ್ದೇನೆ ಎಂಬುದೇ ಮರೆತುಹೋಯಿತು. ಮೇನ್ ಸ್ವಿಚ್ ಆರಿಸಿ ಬಂದ, ಫೋಟೋ ಇಳಿಸಿ ಅವಳ ಕೈಗೆ ಕೊಟ್ಟ, ಸ್ಟೂಲ್ ಹತ್ತಿ ತೂಗುದೀಪದ ಕುತ್ತಿಗೆಯ ಸ್ಕ್ರೂ ಬಿಚ್ಚಿದ.

ಒಳಗೆ ಕೆಂಪು ವೈರಿನ ರಬ್ಬರು ಸವೆದು ತಾಮ್ರ ಹೊರಬಿದ್ದಿತ್ತು. ಅದು ತಾಗಿದಲ್ಲಿ ಹಿತ್ತಾಳೆಯ ಮೇಲೆ ಹುಣಸೆಬೀಜದಷ್ಟು ದೊಡ್ಡ ಕಪ್ಪು ಕಲೆ. ವೈರಿನ ತುದಿ ಬಲ್ಬಿನ ಹೋಲ್ಡರಿನಿಂದ ಕಿತ್ತು ಜೋತಾಡುತ್ತಿತ್ತು, ಯಾರೋ ಜಗ್ಗಿದ ಹಾಗೆ. ಗಾಳೆಪ್ಪ ಗಡಬಡಿಸಿ ಮೇಲೆ ದೀಪ ತೂಗುಬಿಟ್ಟಿದ್ದ ಕಟ್ಟಿಗೆಯ ದುಂಡು ಬಿಲ್ಲೆ ಬಿಚ್ಚಿದ. ಅದರ ಹಿಂದೆ ಹಸಿರು ವೈರು ಇತ್ತು. ಗಿಡ್ಡಗೆ ಕತ್ತರಿಸಿ, ತುದಿ ಮಡಚಿ, ಕಾಣದಂತೆ ತುರುಕಿಟ್ಟಿದ್ದರು. ಅದು ದೀಪವನ್ನು ಯಾವತ್ತೂ ಮುಟ್ಟಿಯೇ ಇರಲಿಲ್ಲ.

ಅವನು ಗೋಡೆ ಹಿಡಿದುಕೊಂಡ. ಹಸಿರು ವೈರು ಕೂಡಿದ್ದರೆ ಸೋರಿದ ಕರೆಂಟು ನೆಲಕ್ಕಿಳಿದು ಫ್ಯೂಸು ಹಾರುತ್ತಿತ್ತು. ದೀಪ ಆರುತ್ತಿತ್ತು, ಮುದುಕಿ ನಾಲ್ಕು ಮಾತು ಬೈದು ಗಾಳೆಪ್ಪನನ್ನು ಕರೆಸುತ್ತಿದ್ದಳು. ಅಷ್ಟೇ ಆಗುತ್ತಿತ್ತು. ಆದದ್ದು ಬೇರೆ. ಮೂವತ್ತೆರಡು ವರ್ಷ ಅವನು ಹುಗ್ಗಿ ಉಂಡಿದ್ದ.

"ಅಮ್ಮಾರ," ಎಂದ, ಕೆಳಗಿಳಿಯದೆಯೇ. "ಅವತ್ತ ದೊಡ್ಡವ್ವಾರ ಕೈ ನೋಡಿದ್ರೇನ್ರಿ ನೀವು?"

ಕಲ್ಯಾಣಮ್ಮ ಆಗ ಹೊಸ ಸೊಸೆ. ಅತ್ತೆಯ ಮೈ ತೊಳೆದವಳು ಅವಳೇ. "ಬಲಗೈದು ಎರಡು ಬೆರಳು ಕರ್ರಗ ಸುಟ್ಟಿದ್ವು. ಕರ್ಪೂರ ಹಚ್ಚುವಾಗ ಸುಟ್ಟಿರಬೇಕಂತ ಎಲ್ಲಾರೂ ಅಂದ್ರು" ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ದೀಪದ ಕಡೆ, ಅವನ ಕೈಯ ಕಡೆ ಹೋಯಿತು. ಫೋಟೋವನ್ನು ಎದೆಗೆ ಒತ್ತಿಕೊಂಡಳು. "ಕರೆಂಟೇನಣ್ಣ?"

ಗಾಳೆಪ್ಪ ಹಸಿರು ವೈರಿನ ತುಂಡನ್ನು ಎಳೆದು ಅವಳಿಗೆ ತೋರಿಸಿದ.

"ಅವರಿಗೆ ಹೇಳಬ್ಯಾಡ್ರಿ," ಎಂದಳು ಅವಳು ಪಿಸುದನಿಯಲ್ಲಿ. "ಸ್ವಾಮಿಗೋಳ ಆ ಮಾತಿನ ಮ್ಯಾಲೇ ಅವರು ನಿಂತಾರ. ಹೊಸಾದು ಹಾಕಿ ಹೋಗಿಬಿಡ್ರಿ."

ಹೋಗಿಬಿಡಬಹುದಿತ್ತು. ಕಲೆ ಒರೆಸಿ, ವೈರು ಜೇಬಿಗೆ ಹಾಕಿಕೊಂಡಿದ್ದರೆ ಬಸವಂತರಾಯನಿಗೆ ಅವನ ತಾಯಿಯ ಪುಣ್ಯದ ಸಾವು ಉಳಿಯುತ್ತಿತ್ತು, ಗಾಳೆಪ್ಪನಿಗೆ ಅವನ ಜಂಬ. ಆ ಆಸೆ ಅವನಿಗೆ ಆಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಬಸವಂತರಾಯ ಅಂಗಡಿಯಿಂದ ಊಟಕ್ಕೆ ಬಂದಿದ್ದ.

ಅವನು ನೇರ ಒಳಗೆ ಬಂದ. ಸ್ಟೂಲಿನ ಮೇಲೆ ಗಾಳೆಪ್ಪ, ಅವನ ಬೆರಳ ಸಂದಿಯಲ್ಲಿ ಹಸಿರು ವೈರಿನ ತುಂಡು. ಅದನ್ನು ನೋಡಿದ್ದೇ ಹಳೆಯ ಗೆಳೆಯನನ್ನು ಕಂಡವನಂತೆ ಬಸವಂತರಾಯ ನಕ್ಕುಬಿಟ್ಟ. "ಅಯ್ಯ, ಇದು ನನ್ನ ಕೈ ಕೆಲಸ. ಬಲ್ಬ್ ಎರಡು ವೈರಿಗೇ ಹತ್ತಿಬಿಡ್ತು. ಮೂರನೇದು ಜಾಸ್ತಿ ಆಗೇದ ಅಂತ ಕತ್ತರಿಸಿ ಹಿಂದ ತುರಕಿದ್ನಿ. ನಿನಗ ಮಾತ್ರ ಕೂಡ್ಸೀನಿ ಅಂದಿದ್ನಿ, ಇಲ್ಲಾಂದ್ರ ನೀ ಬಿಡ್ತಿರಲಿಲ್ಲ."

ಯಾರೂ ನಗಲಿಲ್ಲ. ಬಸವಂತರಾಯ ಹೆಂಡತಿಯ ಮುಖ ನೋಡಿದ, ಅವಳು ಫೋಟೋ ಹಿಡಿದ ರೀತಿ ನೋಡಿದ, ಬಿಚ್ಚಿದ ದೀಪ ನೋಡಿದ. ಗಾಳೆಪ್ಪ ಆ ಕಪ್ಪು ಕಲೆಯ ಮೇಲೆ ಬೆರಳಿಟ್ಟು ತೋರಿಸಿದ. ವ್ಯಾಪಾರ ಮಾಡಿದ ತಲೆ, ಅರ್ಥವಾಗಲು ತಡವಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಗಾಳೆಪ್ಪ," ಎಂದ. "ನಾ ಅಂಗಡ್ಯಾಗ ಕುಂದ್ರಾಂವ, ನನಗೇನು ಗೊತ್ತಿತ್ತು. ನೀ ತಿಳದಾಂವ. ಅವತ್ತ ಒಳಗ ಬಂದು ಒಂದ್ಸಲ ಯಾಕ ನೋಡಲಿಲ್ಲೋ?"

ಇದು ದೂರೇ, ನಾಟಕವೇ ಎಂದು ಗಾಳೆಪ್ಪ ಆ ಮುಖವನ್ನೇ ದಿಟ್ಟಿಸಿದ. ಎರಡೂ ಅಲ್ಲ. ಆ ಮನುಷ್ಯನಿಗೆ ನಿಜವಾಗಿಯೂ ನೆನಪಿರಲಿಲ್ಲ. ತಾನು ಮೂವತ್ತೈದು ವರ್ಷ ಒಂದು ದಿನವೂ ಮರೆಯದ ಮಾತನ್ನು ಆಡಿದವನು ಮರೆತೇಬಿಟ್ಟಿದ್ದ. ಕರೆಂಟು ಹೊಡೆದಿದ್ದರೂ ಗಾಳೆಪ್ಪನಿಗೆ ಇಷ್ಟು ನೋವಾಗುತ್ತಿರಲಿಲ್ಲ.

"ನೀವೇ ಬ್ಯಾಡ ಅಂದಿದ್ರಿ, ಸಾವ್ಕಾರ್ರ."

"ನಾನಾ?"

"ಹೌದ್ರಿ. ಅವ್ವನ ಮಡಿ ಅದಾ, ಹೊರಗ ನಿಂತು ಹೇಳು ಅಂದ್ರಿ."

ಬಸವಂತರಾಯ ಇಲ್ಲವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಆ ದಿನ ಅವನಿಗೆ ನೆನಪಾಯಿತು. ದೇವರ ಜಗಲಿಗೆ ಬೆನ್ನು ಮಾಡಿ ನೆಲಕ್ಕೆ ಕುಸಿದು ಕೂತ.

"ಅವ್ವ ಬ್ಯಾಡ ಅಂದಿದ್ದಿಲ್ಲ," ಎಂದ, ಯಾರನ್ನೂ ನೋಡದೆ. "ಆಕಿ ಒಳಗ ಕುಂತು ಕೇಳಾಕತ್ತಿದ್ಲು. 'ಅವನ್ನೇ ಕರಿಯೋ, ಕೆಲಸ ಬಲ್ಲಾಂವ' ಅಂದ್ಲು. ನಾನೇ ಬ್ಯಾಡ ಅಂದ್ನಿ. ಆಕಿ ಹೆಸರು ಹೇಳಿದ್ನಿ ಅಷ್ಟ."

ಗಾಳೆಪ್ಪ ಸ್ಟೂಲಿನಿಂದ ಇಳಿದ. ಇಷ್ಟು ವರ್ಷ ಅವನು ಆ ಮುದುಕಿಯೇ ತನ್ನನ್ನು ಹೊರಗಿಟ್ಟಳೆಂದು ನಂಬಿದ್ದ. ಹುಗ್ಗಿ ಉಣ್ಣುವಾಗಲೂ ಒಳಗೊಳಗೇ ಅವಳ ಮೇಲೆ ಸಿಟ್ಟು ಇಟ್ಟುಕೊಂಡೇ ಉಂಡಿದ್ದ. ಕಲ್ಯಾಣಮ್ಮನ ಕೈಯಿಂದ ಫೋಟೋ ಇಸಿದುಕೊಂಡು ನೋಡಿದ. ಬಿಕ್ಕಿ ಅತ್ತುಬಿಟ್ಟ.