ಮೀನಿನ ಅಕ್ಕನ ಗಾಳಿ ಪೈಪು

ಪೆನ್ಸಿಲ್ ಅಳಿಸುವ ರಬ್ಬರನ್ನು ಲೋಹಕ್ಕೆ ಉಜ್ಜಿದರೆ ಒಂದು ಬೇರೆಯೇ ವಾಸನೆ ಬರುತ್ತದೆ. ಸ್ವಲ್ಪ ಸುಟ್ಟಂತೆ, ಸ್ವಲ್ಪ ಹಳೆಯ ನಾಣ್ಯದಂತೆ... ಕಳೆದ ವಾರ ಕುಮಟೆಯ ನನ್ನ ಮನೆಯಲ್ಲಿ ಬೆಳಗಿನ ಚಹಾ ಮುಗಿಸಿ, ನನ್ನ ಉಸಿರಿನ ಯಂತ್ರದ ಪೈಪು ಕಳಚಿ, ಅದರ ಬುಡದಲ್ಲಿರುವ ಲೋಹದ ಚುಕ್ಕಿಗಳನ್ನು ರಬ್ಬರಿನಿಂದ ಉಜ್ಜುತ್ತಿದ್ದೆ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಮಾವಳ್ಳಿಯ ಪಕ್ಕದ ಮನೆಯ ಮೀನಿನ ಅಕ್ಕ ಬಂದು ಎದುರಿಗೆ ಕಾಲು ಚಾಚಿ ಕೂತಂತಾಯಿತು.

ಆಗ ನಾನು ಕಾಯ್ಕಿಣಿ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಾವಳ್ಳಿಯಲ್ಲಿ ಬಾಡಿಗೆ ಮನೆ. ನನ್ನ ಮಲಗುವ ಕೋಣೆಗೂ ಅವಳ ಮನೆಗೂ ಒಂದೇ ಗೋಡೆ. ಶಾಲೆಯ ಟೀಚರೆಂದು ಅವಳಿಗೆ ನಾನು ಅಕ್ಕೋರು, ನನಗೆ ಅವಳು ಅಕ್ಕ. ಶಿರಾಲಿ ಪೇಟೆಯ ಮೀನು ಕಟ್ಟೆಯಲ್ಲಿ ಅವಳಿಗೊಂದು ಜಾಗವಿತ್ತು. ಮದುವೆಯಾಗಿ ಬಂದ ವರ್ಷ ಅತ್ತೆ ಕೂರಿಸಿದ ಜಾಗವದು. ಗಂಡ ತೀರಿಕೊಂಡಾಗ ಕೆಲವು ದಿನ ಬಿಟ್ಟಿದ್ದಳು, ಅಷ್ಟೇ.

ಅವಳಿಗೆ ಒಂದೇ ಒಂದು ತೊಂದರೆ ಇತ್ತು. ಕೂತಲ್ಲೇ ತೂಕಡಿಸುತ್ತಿದ್ದಳು. ಗಿರಾಕಿ ಬಂಗುಡೆ ಆರಿಸುವಷ್ಟರಲ್ಲಿ ಇವಳ ತಲೆ ಎದೆಗೆ ಬೀಳುತ್ತಿತ್ತು. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಒಂದು ದಿನ ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿ ಮೀನು ಕೊಯ್ಯುವಾಗಲೇ ಕಣ್ಣು ಮುಚ್ಚಿತು. ಅಂಗೈ ಸೀಳಿತು. ಹಣೆ ಅಲಗಿನಿಂದ ನಾಲ್ಕು ಬೆರಳು ದೂರದಲ್ಲಿತ್ತಂತೆ. ಆಮೇಲೆ ಯಾರೂ ನಗಲಿಲ್ಲ.

ಮೀನು ಹಿಡಿಯಲು ಬೋಟಿಗೆ ಹೋಗುವ ಮಗ ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೋದ. ನಿದ್ದೆಯಲ್ಲಿ ಅವಳ ಉಸಿರು ಮತ್ತೆ ಮತ್ತೆ ಕಟ್ಟುತ್ತಿದೆ, ಅದಕ್ಕೇ ಹಗಲಿಗೆ ಈ ಜೋಂಪು ಎಂದರು ಡಾಕ್ಟರು. ಮೂಗಿಗೆ ಮಾಸ್ಕು, ಮಾಸ್ಕಿಗೆ ಉದ್ದನೆಯ ಪೈಪು, ಪೈಪಿನ ತುದಿಗೆ ಗಾಳಿ ಒತ್ತುವ ಒಂದು ಪೆಟ್ಟಿಗೆ ಮನೆಗೆ ಬಂತು. ಪೆಟ್ಟಿಗೆಯೊಳಗೆ ನೀರು ಬಿಸಿಯಾಗಿ ಗಾಳಿಗೆ ತೇವ ಕೊಡುತ್ತದೆ. ಪೈಪಿನ ಮೈಯಲ್ಲಿ ಸಣ್ಣ ತಂತಿ ಸುತ್ತಿದ್ದು, ಆ ಗಾಳಿ ದಾರಿಯಲ್ಲಿ ತಣ್ಣಗಾಗದಂತೆ ಕಾಯುತ್ತದೆ. ಒಂದೇ ವಾರದಲ್ಲಿ ಅಕ್ಕ ಕಟ್ಟೆಯ ಮೇಲೆ ನೆಟ್ಟಗೆ ಕೂತಳು. "ಸೊಂಡಿಲು ಹಾಕ್ಕಂಡು ಮಲಗ್ತ್ಯಂತಲ್ಲೇ" ಎಂದು ಪಕ್ಕದ ಹೆಂಗಸರು ಚುಡಾಯಿಸಿದರೆ, ಅವಳು ಬುಟ್ಟಿಯಿಂದ ತಲೆ ಎತ್ತದೆ ಹೇಳಿದಳು, "ಗಣಪತಿಗೂ ಸೊಂಡಿಲು ಇತ್ತು. ಅವಂಗೆ ಕೈ ಮುಗೀತ್ರಿ, ನಂಗೆ ನಗಾಡ್ತ್ರಿ?"

ವಾರಕ್ಕೊಮ್ಮೆ ಪೈಪನ್ನು ತೊಳೆಯಬೇಕಿತ್ತು. ತೊಳೆದದ್ದನ್ನು ಎಲ್ಲಿ ಒಣಗಿಸಲಿ ಎಂದು ಅವಳು ನನ್ನನ್ನೇ ಕೇಳಿದಳು. ನಾನು ವಿಜ್ಞಾನದ ಅಕ್ಕೋರು. ಚೆನ್ನಾಗಿ ಗಾಳಿಯಾಡುವ ಕಡೆ ತೂಗುಹಾಕು ಎಂದೆ. ಅವಳ ಮನೆಯಲ್ಲಿ ಗಾಳಿಯಾಡುವ ಜಾಗ ಯಾವುದು? ಪಡುವಣ ಅಂಗಳ. ಬಲೆ ಹರಡುವ, ಒಣಮೀನು ಕಟ್ಟುವ ಹಗ್ಗ, ಕೂಗಳತೆಯಲ್ಲಿ ಸಮುದ್ರ. ಬೇಸಿಗೆಯಿಡೀ ಪೈಪು ಅಲ್ಲೇ ನೇತಾಡಿತು. ಹಾಗೆ ಒಣಗಿಸಿದ ಮೊದಲ ದಿನ ರಾತ್ರಿ ಪೈಪಿನ ಗಾಳಿ ಒಣ ಸಿಗಡಿ ನಾರುತ್ತಿತ್ತಂತೆ. ಅದಕ್ಕೇ ನಿದ್ದೆ ಚೊಲೋ ಬಂತು ಎಂದಳು.

ಮಳೆಗಾಲ ಬಂತು. ಬೋಟುಗಳು ದಡ ಸೇರಿ, ಕಟ್ಟೆಯಲ್ಲಿ ಒಣಮೀನಿನ ವ್ಯಾಪಾರವಷ್ಟೇ ಉಳಿಯಿತು. ಅಷ್ಟರಲ್ಲಿ ಪೈಪು ಬಿಸಿಯಾಗುವುದು ನಿಂತಿತು. ತಣ್ಣನೆಯ ಪೈಪಿನೊಳಗೆ ನೀರು ಇಳಿದು, ಗುಳುಗುಳು ಎಂದು, ಮಾಸ್ಕಿಗೆ ನುಗ್ಗಿತು. ಬೆಳಿಗ್ಗೆ ನನ್ನ ಬಾಗಿಲಿಗೆ ಬಂದವಳ ಕಣ್ಣು ಕೆಂಪಗಾಗಿತ್ತು.

"ಇಷ್ಟ್ ವರ್ಷ ಸಮುದ್ರದ ಬುಡದಲ್ಲೇ ಇದ್ದೆ ಅಕ್ಕೋರೆ. ಹಾಸಿಗೆ ಮೇಲೆ ಮುಳುಗು ಹಾಂಗಾತು ಕಾಣಿ."

ಹೊನ್ನಾವರದಲ್ಲಿ ಇಂಥ ಯಂತ್ರ ತರಿಸಿಕೊಡುವವನಿಗೆ ನಾನೇ ಫೋನು ಮಾಡಿ, ಮಾವಳ್ಳಿಯ ಮೀನು ಮಾರುವವಳಿಗೆ ಬೇಕೆಂದೆ. ಹೊಸ ಪೈಪು ಬರಲು ತಿಂಗಳ ಮೇಲಾಗುತ್ತದೆ ಎಂದ. ಅವನು ಅಲ್ಲಿಗೆ ನಿಲ್ಲಿಸಬಹುದಿತ್ತು. ಅಂಥ ಮನೆಗಳಲ್ಲಿ ಈ ಯಂತ್ರ ಬಾಳುವುದಿಲ್ಲ ಮೇಡಂ ಎಂದೂ ಸೇರಿಸಿದ. ಅಂಥ ಮನೆ ಎಂದರೆ ಎಂಥ ಮನೆ ಎಂದು ಕೇಳಿದೆ. ಫೋನು ಇಟ್ಟ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಅಕ್ಕ ಮತ್ತೆ ತೂಕಡಿಸತೊಡಗಿದಳು. ಮಗ ಕೆಟ್ಟವನಲ್ಲ, ಹೆದರಿದವನು. ಮಳೆಗಾಲ ಮುಗಿದು ಬೋಟು ಮತ್ತೆ ಕಡಲಿಗೆ ಇಳಿಯಲು ಹದಿನೈದು ದಿನ ಇರುವಾಗ ಅವನು ನನ್ನೆದುರಿಗೇ ಹೇಳಿದ, "ಅಷ್ಟರೊಳಗೆ ಇದು ಸರಿ ಆಗ್ದಿದ್ರೆ ನೀ ಪೇಟೆಗೆ ಹೋಗೂದ್ ಬ್ಯಾಡ. ಕಟ್ಟೆ ಬಿಟ್ಬಿಡ್ವ." ಆ ಜಾಗ ಬಿಟ್ಟರೆ ಅಕ್ಕ ಯಾರದೋ ಅಮ್ಮ, ಯಾರದೋ ಅಜ್ಜಿ, ಅಷ್ಟೇ. ಕಟ್ಟೆಯ ಮೇಲೆ ಮಾತ್ರ ಅವಳು ಅವಳೇ.

ನಾನು ಅಕ್ಕೋರ ಗತ್ತಿನಲ್ಲಿ ರಿಪೇರಿಗೆ ಇಳಿದೆ. ನೀರು ಜಾಸ್ತಿ ಹಾಕಿದ್ದೀ ಎಂದು ಕಡಿಮೆ ಮಾಡಿಸಿದೆ. ಗುಳುಗುಳು ನಿಲ್ಲಲಿಲ್ಲ. ನೀರು ಬಿಸಿಯಾಗುವುದನ್ನೇ ಬಂದ್ ಮಾಡಿಸಿದೆ. ಅವಳ ಮೂಗು ಒಣಗಿ ರಕ್ತ ಬಂತು. ಮೂರನೆಯ ದಿನ ಅವಳು ನನ್ನ ಮಾತು ಕೇಳುವುದು ಬಿಟ್ಟಳು. ಪೈಪನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅಕ್ಕೋರೆ, ಇದು ಐಸ್ ಪೆಟ್ಟಿಗೆ ಬೆವತ ಹಾಂಗೇ ಅಲ್ದಾ? ಅಲ್ಲಿ ಹೊರಗೆ ಬೆವರ್ತದೆ, ಇಲ್ಲಿ ಒಳಗೆ" ಎಂದಳು. ಐಸಿಗೆ ಗೋಣಿ ಸುತ್ತುವ ಕೈ ಅದು. ತನ್ನ ಹಳೆಯ ಹಸಿರು ಸೀರೆ ಹರಿದು, ನಾಲ್ಕು ಪದರ ಮಾಡಿ, ಬಲೆಯ ದಾರದಲ್ಲಿ ಹೊಲಿದು ಪೈಪಿಗೊಂದು ಅಂಗಿ ತೊಡಿಸಿದಳು. ಪೆಟ್ಟಿಗೆಯನ್ನು ಮಂಚಕ್ಕಿಂತ ಕೆಳಗಿಟ್ಟಳು, ಇಳಿದ ನೀರು ಹಿಂದಕ್ಕೆ ಹೋಗಲಿ ಎಂದು. ಫ್ಯಾನನ್ನು ಬೇರೆ ಕಡೆಗೆ ತಿರುಗಿಸಿದಳು. ಮಾರನೆಯ ಬೆಳಿಗ್ಗೆ ಮಾಸ್ಕಿನಲ್ಲಿ ನೀರಿರಲಿಲ್ಲ, ಅವಳ ಕಣ್ಣು ತಿಳಿಯಾಗಿತ್ತು.

ಆದರೆ ಮಗ ಒಪ್ಪಲಿಲ್ಲ. ಅಂಗಿ ತೊಟ್ಟ ಪೈಪು ಎಷ್ಟು ದಿನ, ಯಂತ್ರ ಸರಿಯಾದ ಹಾಗಾಯಿತೇ ಎಂದ. ಅದೂ ನಿಜವೇ. ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಮತ್ತೆ ಕೂತೆವು. ಪೈಪು ಕಳಚಿ ಅದರ ಬುಡವನ್ನು ಬೆಳಕಿಗೆ ಹಿಡಿದವಳು ಅಕ್ಕ. ತಂತಿಗೆ ಕರೆಂಟು ದಾಟಿಸುವ ಲೋಹದ ಚುಕ್ಕಿಗಳು ಹಸಿರಾಗಿದ್ದವು.

"ಕಿಲುಬು! ನನ್ನ ತಕ್ಕಡಿ ತಟ್ಟೆಗೆ ಹಿಡಿಯೂದು ಇದೇ."

ಆಗ ನನಗೆ ಹೊಳೆಯಿತು. ಉಪ್ಪುಗಾಳಿ. ಪಡುವಣ ಅಂಗಳದ ಹಗ್ಗ. ಅಲ್ಲಿ ತೂಗುಹಾಕು ಎಂದವಳು ನಾನು. ಹಾಗೆಂದು ಹೇಳಿದೆ, ತಪ್ಪು ನನ್ನದು ಎಂದೂ ಹೇಳಿದೆ. ಅವಳು ಕೇಳಿಸಿಕೊಳ್ಳದೆ, ಕಿಲುಬು ತಿಕ್ಕಲು ಹುಣಸೆಹಣ್ಣು ತರಲು ಒಳಗೆ ಹೊರಟಿದ್ದಳು. ಆ ಹುಳಿ ನೀರು ಯಂತ್ರಕ್ಕೆ ಆಗದೆಂದು ಓಡಿ ಹೋಗಿ ಅವಳ ಕೈ ಹಿಡಿದೆ. ನನ್ನ ಚೀಲದಲ್ಲಿ ಶಾಲೆಯ ರಬ್ಬರಿತ್ತು. ಯಂತ್ರದ ವೈರು ಗೋಡೆಯಿಂದ ಕಿತ್ತಿಟ್ಟು, ಒಂದೊಂದೇ ಚುಕ್ಕಿಯನ್ನು ಮೆಲ್ಲಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಜೋಡಿಸಿ ಚಾಲೂ ಮಾಡಿದೆವು. ಪೆಟ್ಟಿಗೆಯ ಮೇಲೆ ಪೈಪು ಬಿಸಿಯಾಗುವ ಗುರುತು ಮೂಡಿತು. ಅವಳು ಪೈಪಿನ ಮೇಲೆ ಅಂಗೈ ಇಟ್ಟಳು, ಗಾಯದ ಗೆರೆಯಿದ್ದ ಅಂಗೈ. "ಬಂತು" ಎಂದಳು. ಬಿಸಿ ಬಂದ ಮೇಲೆ ಸೀರೆಯ ಅಂಗಿ ಬೇಡವೆಂದು ನಾನು ಬಿಚ್ಚಿಸಿದೆ. ಅವಳು ಅದನ್ನು ಮಡಚಿ ಮೊಳೆಗೆ ಸಿಕ್ಕಿಸಿದಳು.

ಆ ಖುಷಿಯಲ್ಲೇ ಅವಳು ಅಂದದ್ದು, "ಅಕ್ಕೋರೆ, ನೀವೂ ಒಮ್ಮೆ ತೋರಿಸ್ಕಳಿ. ನಿಮ್ಮ ಗೊರಕೆ ಗೋಡೆ ದಾಟಿ ಬರ್ತದೆ. ನಡು ನಡು ನಿಲ್ತದೆ. ಆವಾಗ ನಂಗೆ ಹೆದರ್ಕೆ ಆತದೆ."

ನಾನು ಎದ್ದು ಬಂದೆ. ಹೆಂಗಸಿಗೆ ಗೊರಕೆಯೇ? ಅದೂ ಶಾಲೆಯ ಅಕ್ಕೋರಿಗೆ? ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆಗಳ ಮೇಲೆ ತಲೆಯಿಟ್ಟು ನಾನು ನಿದ್ದೆ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಕೋಪ.

ಬೋಟು ಇಳಿದು ಮೊದಲ ಮೀನು ಬಂದ ದಿನ ಮಾತ್ರ ಮನಸ್ಸು ತಡೆಯದೆ ಶಿರಾಲಿಗೆ ಹೋದೆ. ಅಕ್ಕ ತನ್ನ ಜಾಗದಲ್ಲಿ ಕೂತಿದ್ದಳು. ಅಮ್ಮ ತೂಕಡಿಸುತ್ತಾಳೋ ಎಂದು ನೋಡಲು ಮಗ ಎದುರಿನ ಚಹಾ ಅಂಗಡಿಯ ಬೆಂಚಿನಲ್ಲಿ ಬೆಳಗಿನಿಂದ ಕಾವಲು ಕೂತಿದ್ದ. ಬುಟ್ಟಿ ಅರ್ಧ ಖಾಲಿಯಾಗುವ ಹೊತ್ತಿಗೆ, ಕಡಲಿನಿಂದ ನೇರ ಬಂದಿದ್ದ ಅವನ ತಲೆಯೇ ಎದೆಗೆ ಬಿತ್ತು. ಅಕ್ಕ ಎದ್ದು ಹೋಗಿ ಐಸಿನ ನೀರು ಅವನ ಮುಖಕ್ಕೆ ಚಿಮುಕಿಸಿದಳು. "ಯಾರು ಕಟ್ಟೆ ಬಿಡೂದು ಹೇಳು ಈಗ" ಎಂದಳು. ಪೇಟೆಯೇ ನಕ್ಕಿತು. ಅವನೂ ನಕ್ಕ. ಆಮೇಲೆ ಆ ಮಾತು ಅವನ ಬಾಯಿಗೆ ಬರಲಿಲ್ಲ.

ಮರುವರ್ಷ ನನಗೆ ಕುಮಟೆಗೆ ವರ್ಗವಾಯಿತು. ಫೋನು ಮಾಡುತ್ತೇನೆ ಎಂದಿದ್ದೆ... ಮಾಡಿದ್ದು ಕಡಿಮೆ. ಎರಡು ದಿನದ ಜ್ವರದಲ್ಲಿ ಅಕ್ಕ ಹೋದಳೆಂದು ಅವಳ ಮಗನೇ ತಿಳಿಸಿದ. ಹಿಂದಿನ ವಾರದವರೆಗೂ ಕಟ್ಟೆಯಲ್ಲಿ ಕೂತಿದ್ದಳಂತೆ. ನಾನು ಹೋದಾಗ ಆ ಹಸಿರು ಸೀರೆಯ ಅಂಗಿ ಮೊಳೆಯಲ್ಲೇ ಇತ್ತು. ಅದರ ಕೆಳಗೆ ನಿಂತು ಅತ್ತುಬಿಟ್ಟೆ. ಆ ತಿಂಗಳೇ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಅವಳು ಗೋಡೆಯಾಚೆಯಿಂದ ಹೇಳಿದ್ದನ್ನೇ ಡಾಕ್ಟರು ಕಾಗದದಲ್ಲಿ ಬರೆದು ಕೊಟ್ಟರು.

ಕಳೆದ ವಾರ ನನ್ನ ತಂಗಿ ಮನೆಗೆ ಬಂದಿದ್ದಳು. ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ಅಂದು ನನ್ನ ಮನೆಗೇ ಬರುವವರಿದ್ದರು. ನಾನು ರಬ್ಬರು ಹಿಡಿದು ಪೈಪು ಉಜ್ಜುತ್ತಿದ್ದದ್ದನ್ನು ಕಂಡು, "ಅಕ್ಕಾ, ಅದನ್ನ ಇವತ್ತೊಂದಿನ ಕಪಾಟಿನೊಳಗೆ ಇಡೇ. ನೋಡಿದವರು ಎಂತ ಅಂದ್ಕತಾರೆ" ಎಂದಳು. ಇಡುವುದಿಲ್ಲ ಎಂದೆ. ಪೈಪನ್ನು ಜೋಡಿಸಿ, ಬಿಸಿಯ ಗುರುತು ಮೂಡಿದ್ದು ನೋಡಿ, ಮಂಚದ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಬಂದವರಲ್ಲಿ ಒಬ್ಬರು ಅದೇನೆಂದು ಕೇಳಿದರು. ಕೂರಿಸಿ ಹೇಳಿದೆ, ಗೊರಕೆಯಿಂದ ಹಿಡಿದು ಕಿಲುಬಿನವರೆಗೆ.

ನೀನು ಹೇಳಿದ್ದು ಸರಿ ಅಕ್ಕ ಎಂದು ಒಬ್ಬಳಿಗೆ ಹೇಳಬೇಕಿತ್ತು. ಅವಳಿರುವಾಗ ಹೇಳಲಿಲ್ಲ. ಇನ್ನು ಉಳಿದವರಿಗೆಲ್ಲ ಹೇಳುತ್ತೇನೆ.