ಪಾಲಯ್ಯ ಬಿಗಿದ ಮುಂದಿನ ಸಾಲು

ಯಾರ ಮನೆಗೆ ಬಂದರೂ ಪಾಲಯ್ಯ ಮೊದಲು ಮಾತಾಡಿಸುತ್ತಿದ್ದುದು ಕುರ್ಚಿಯನ್ನು. ವೈರು ಹೆಣೆದ ಕುರ್ಚಿ ಕಂಡರೆ ಸಾಕು, ಬಗ್ಗಿ ಉಗುರಿನಿಂದ ಮೀಟಿ ಕಿವಿಗೊಡುತ್ತಿದ್ದ. ಟಣ್ ಅಂದರೆ ಮುಖ ಅರಳುತ್ತಿತ್ತು. ಮೆತ್ತಗೆ ದಬ್ ಅಂದರೆ, "ಇದು ಕುರ್ಚಿ ಅಲ್ಲ ಕಣಕ್ಕ, ಜೋಳಿಗೆ" ಎಂದು ಮನೆಯವರನ್ನೇ ಬೈದು, ಆಮೇಲೆ ಕುಡಿಯಲು ನೀರು ಕೇಳುತ್ತಿದ್ದ.

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಅವನ ವೆಲ್ಡಿಂಗ್ ಅಂಗಡಿ. ಮಂಡಿ ಹಿಡಿದು ನನಗೆ ನೆಲಕ್ಕೆ ಕೂರಲಾಗದೆ ಹೋದಾಗ, ಮಾಡದಕೆರೆಯ ನಮ್ಮ ಮನೆಗೇ ಬಂದು, ನಾನು ರಾಗಿ ಕೇರುವುದನ್ನು ನಿಂತು ನೋಡಿ ಹೋದ. ಆಮೇಲೆ ತಂದದ್ದು ಕುಳ್ಳನೆಯ ಕಬ್ಬಿಣದ ಕುರ್ಚಿ. ಅಂಗಳದ ಏರುತಗ್ಗಿನಲ್ಲೂ ಅಲುಗಬಾರದೆಂದು ಮೂರೇ ಕಾಲು. ಮೊರ ಆಡಲಿ ಎಂದು ಒಂದೇ ಕಡೆ ಕೈ. ಕೂರುವಲ್ಲಿ ಹಸಿರು ಪ್ಲಾಸ್ಟಿಕ್ ವೈರಿನ ಹೆಣಿಗೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಬಂದು ಅದನ್ನು ಬಿಗಿದು ಹೋಗುತ್ತಿದ್ದ. ಕೈನಡುಕ ಶುರುವಾದ ಮೇಲೆ ಬರುವುದು ನಿಂತಿತು, ಹೆಣಿಗೆ ಜೋಲು ಬಿತ್ತು.

ನನ್ನ ಮೊಮ್ಮಗಳು ಸಿಂಧು ಬೆಂಗಳೂರಿನ ಒಂದು ಮ್ಯೂಸಿಯಂನಲ್ಲಿ ಕೆಲಸಕ್ಕಿದ್ದಾಳೆ. ಈ ಕಾಲದವರು ಮಾಡಿದ ಕುರ್ಚಿ, ಮೇಜು, ಮಂಚಗಳನ್ನು ಶಾಶ್ವತವಾಗಿ ಕಾಪಿಡುವ ಜಾಗವಂತೆ. ನನ್ನ ಕುರ್ಚಿಯೂ ಅಲ್ಲಿ ಸೇರುತ್ತದೆ, ಆರಿಸಿದ್ದು ತಾನೇ ಎಂದು ಅವಳು ಫೋನಿನಲ್ಲಿ ಹೇಳಿದಾಗ ನನ್ನ ಹಿಗ್ಗು ಹೇಳತೀರದು. ಮಂಡಿನೋವು ಮರೆತು ಮನೆಮನೆಗೂ ಸಾರಿ ಬಂದೆ.

ಪಾಲಯ್ಯ ಮಾತ್ರ ಹಿಗ್ಗಲಿಲ್ಲ. ಸಿಂಧು ಕುರ್ಚಿ ಒಯ್ಯಲು ಬಂದ ದಿನ, ಮಗನ ಬೈಕಿನ ಹಿಂದೆ ಕೂತು ವೈರಿನ ಸುರುಳಿ ಸಮೇತ ಬಂದಿಳಿದ. ಬಿಗಿದೇ ಕಳಿಸುತ್ತೇನೆಂದ. ಸಿಂಧು ಬೇಡವೆಂದಳು. ಅಜ್ಜಿ ಕೂತು ಕೂತು ಬಿದ್ದ ಆ ತಗ್ಗೇ ಮ್ಯೂಸಿಯಂನವರಿಗೆ ಬೇಕು, ಇದ್ದದ್ದು ಇದ್ದ ಹಾಗೇ ಇರಬೇಕು ಎಂದಳು.

"ಹಂಗಾರೆ ನನ್ನ ಹೆಸರು ಬರೀಬ್ಯಾಡ ಮಗಾ," ಎಂದ ಪಾಲಯ್ಯ. "ಜೋಲು ಬಿದ್ದೈತೆ. ನೋಡಿದೋರು, ಪಾಲಯ್ಯನ ಕೆಲ್ಸ ಇಷ್ಟೇಯ ಅಂತಾರೆ."

"ನಿನ್ನ ಹೆಸ್ರಿಲ್ದೆ ನಾನು ಒಯ್ಯಲ್ಲ ತಾತ." ಅವಳ ಕಣ್ಣು ತುಂಬಿತು.

ನಾನು ಯಾರ ಕಡೆ ಮಾತಾಡಲಿ? ಟೀ ಕಾಯಿಸುವ ನೆಪದಲ್ಲಿ ಒಳಗೆ ಹೋದೆ. ಬಂದು ನೋಡಿದರೆ ಅವನು ನೆಲಕ್ಕೆ ಕೂತು ವೈರು ಎಳೆಯುತ್ತಿದ್ದ. ಆ ನಡುಗುವ ಕೈಗೆ ಬೇಡವೆನ್ನಲಾರದೆ ಸಿಂಧುವೇ ಕುರ್ಚಿ ಹಿಡಿದು ಕೊಟ್ಟಿದ್ದಳು. ಮುಂದಿನ ಅಂಚಿನ ಸಾಲೊಂದು ಬಿಗಿಯಾಗುವಷ್ಟರಲ್ಲಿ ಅವನ ಬೆರಳು ಸೋತವು. ನಾನು ಕೈ ಹಾಕಹೋದರೆ ತಳ್ಳಿದ. ಒಮ್ಮೆ ಮೀಟಿ, ಕಿವಿಗೊಟ್ಟ.

"ಸಾಕು ಬಿಡು. ಇಷ್ಟಕ್ಕೆ ಹೆಸರು ಬರ್ಕಳ್ರಿ."

ಟೀ ಕುಡಿಯದೆ ಹೊರಟ. ನಾನು ಅವನನ್ನು ನೋಡಿದ್ದು ಅದೇ ಕೊನೆ. ಮ್ಯೂಸಿಯಂನಲ್ಲಿ ಕುರ್ಚಿ ಇಡುವ ಹೊತ್ತಿಗೆ ಅವನಿರಲಿಲ್ಲ.

ಮೊನ್ನೆ ಸಿಂಧು ನನ್ನನ್ನು ಕರೆದೊಯ್ದು ತೋರಿಸಿದಳು. ಕುರ್ಚಿಯ ಪಕ್ಕದ ಫಲಕವನ್ನು ಅಕ್ಷರ ಕೂಡಿಸಿಕೊಂಡು ಓದಿದೆ: ಪಾಲಯ್ಯ, ಹೊಸದುರ್ಗ. ಎಷ್ಟು ಚೆಂದ ಇಟ್ಟಿದ್ದೀಯ ಎಂದು ಅವಳ ಕೆನ್ನೆ ಸವರಿದೆ. ಮುಂದೆ ಅವನ ಬಿಗಿ ಸಾಲು, ಹಿಂದೆ ನನ್ನ ಮೈಯ ತಗ್ಗು. ಆ ಸಾಲು ಇನ್ನೂ ಟಣ್ ಅನ್ನುತ್ತದೋ ಇಲ್ಲವೋ. ಯಾರೂ ಮುಟ್ಟದಂತೆ ಅಡ್ಡ ಹಗ್ಗ ಕಟ್ಟಿದ್ದರು. ಹಗ್ಗದ ಈಚೆ ನಿಂತು, ಮೀಟಲಾರದೆ, ನಾನು ಉಗುರು ತಿಕ್ಕಿಕೊಳ್ಳುತ್ತಿದ್ದೆ.