ಒಂಬತ್ತು ಧಾನ್ಯ, ಒಂದು ಚಿಟಿಕೆ ಮಣ್ಣು

ಹುರುಳಿಯ ಜೊತೆ ಎಳ್ಳು ಬೆರೆತಾಗ ಏಳುವ ಒಣ ವಾಸನೆಯೊಂದಿದೆ. ಕಳೆದ ವಾರ ಬ್ರಹ್ಮಾವರದಲ್ಲಿ ವಾರಿಜಳ ಮನೆಯ ಮೆಟ್ಟಿಲು ಹತ್ತುವಾಗ ಅದು ಮೂಗಿಗೆ ಬಡಿಯಿತು. ಒಳಗೆ ಅವಳು ಗೆರಸೆಯ ಮುಂದೆ ಕೂತು ಧಾನ್ಯ ಆರಿಸುತ್ತಿದ್ದಳು. ವಾರಿಜ ನನ್ನ ಚಿಕ್ಕಪ್ಪನ ಮಗಳು. ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ನೆನಪಲ್ಲ, ಹೊಟ್ಟೆಕಿಚ್ಚು. ಅದು ನನ್ನ ಅತ್ತೆಯ ಸೆರಗಿನ ವಾಸನೆ. ಅದನ್ನೂ ಇವಳೇ ಇಟ್ಟುಕೊಂಡಿದ್ದಾಳಲ್ಲ ಎನ್ನಿಸಿತು.

ಕೋಟದ ನಮ್ಮ ಆ ಮನೆ ಈಗಿಲ್ಲ. ಚಾವಡಿ ಇದ್ದಲ್ಲಿ ಹೆದ್ದಾರಿಯ ಸರ್ವಿಸ್ ರೋಡು ಹಾದುಹೋಗಿದೆ. ಅಂಥದ್ದೊಂದು ಚಾವಡಿಯನ್ನು ನೀವೂ ಕಳೆದುಕೊಂಡಿರಬಹುದು. ಅಜ್ಜಯ್ಯ ಪುರೋಹಿತರು. ಗ್ರಹಶಾಂತಿ ಮಾಡಿಸಿ ಬಂದರೆ ದಾನದ ಒಂಬತ್ತು ಧಾನ್ಯಗಳು ಗಂಟಿನಲ್ಲಿ ಒಂದರೊಳಗೊಂದು ಬೆರೆತುಹೋಗಿರುತ್ತಿದ್ದವು. ಅತ್ತೆಯ ಪಕ್ಕ ಕೂತು ಅವನ್ನು ಬೇರೆ ಮಾಡುವುದು ನನ್ನ ಕೆಲಸ. ಅತ್ತೆ ಅಪ್ಪನ ಅಕ್ಕ, ಮದುವೆಯಾಗದೆ ಮನೆಯಲ್ಲೇ ಉಳಿದವರು. ಓದಿದ್ದು ಏಳನೇ ಕ್ಲಾಸು. ಆದರೆ ನನ್ನ ವಿಜ್ಞಾನದ ಪುಸ್ತಕವನ್ನು ನನಗಿಂತ ಮೊದಲೇ ಓದಿ ಮುಗಿಸುತ್ತಿದ್ದರು. ಆರಿಸಿದ ಧಾನ್ಯವನ್ನು ಚಾವಡಿಯ ಉದ್ದಕ್ಕೂ ಸಾಲಾಗಿ ಇಡುತ್ತಿದ್ದರು. ಗೋಧಿ ಸೂರ್ಯ. ಅದರ ಹತ್ತಿರ ಹೆಸರುಕಾಳು, ಅದು ಬುಧ. ಆಮೇಲೆ ಅವರೆ, ಶುಕ್ರ. ಭೂಮಿಯ ಹೆಸರಿನಲ್ಲಿ ಯಾರೂ ದಾನ ಕೊಡುವುದಿಲ್ಲವಾದ್ದರಿಂದ ಅಂಗಳದ ಒಂದು ಚಿಟಿಕೆ ಮಣ್ಣು. ತೊಗರಿ ಮಂಗಳ, ಕಡಲೆ ಗುರು, ಎಳ್ಳು ಶನಿ. ಯುರೇನಸ್ಸಿಗೂ ನೆಪ್ಚೂನಿಗೂ ರಾಹು ಕೇತುಗಳ ಉದ್ದು, ಹುರುಳಿ. ಪ್ಲೂಟೊವನ್ನು ಆಗಿನ್ನೂ ಪಂಕ್ತಿಯಿಂದ ಎಬ್ಬಿಸಿರಲಿಲ್ಲ. ಅದಕ್ಕೆ ಚಂದ್ರನ ಅಕ್ಕಿ. "ಕಡ ತಕಂಡದ್ದ್, ಅಜ್ಜಯ್ಯಂಗೆ ಹೇಳ್ಬೇಡ" ಎಂದು ಅತ್ತೆ ನಗುತ್ತಿದ್ದರು.

ವಾರಿಜ ಬಂದದ್ದು ಬೈಂದೂರಿನಿಂದ. ಅವಳ ತಾಯಿ ತೀರಿಕೊಂಡ ಮೇಲೆ ಚಿಕ್ಕಪ್ಪ ಮುಂಬಯಿಯ ಹೋಟೆಲ್ ಕೆಲಸಕ್ಕೆ ಹೊರಡುವಾಗ ಅವಳನ್ನು ನಮ್ಮಲ್ಲಿ ಬಿಟ್ಟರು. ನನ್ನದೇ ವಯಸ್ಸು, ನನ್ನದೇ ಕ್ಲಾಸು. ಮೊದಲ ದಿನವೇ ಅತ್ತೆ "ಇತ್ಲಾಗ್ ಬಾ ಹೆಣೆ" ಎಂದು ಅವಳನ್ನು ತಮ್ಮ ಬಲಕ್ಕೆ ಕೂರಿಸಿಕೊಂಡರು. ಅದು ನನ್ನ ಜಾಗ. ನಾನು ಹುರುಳಿಯ ಕಡೆಗೆ ಸರಿದೆ. ಅಂದಿನಿಂದ ತಲೆ ಬಾಚುವುದು ಮೊದಲು ಅವಳಿಗೆ, ಕಾವಲಿಯ ಮೊದಲ ದೋಸೆ ಅವಳಿಗೆ. ತಾಯಿಯಿಲ್ಲದ ಮಗುವನ್ನು ಕಂಡು ಉರಿದುಕೊಳ್ಳಬಾರದೆಂದು ನನಗೂ ಗೊತ್ತಿತ್ತು. ಗೊತ್ತಿದ್ದುದರಿಂದ ಉರಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಆ ವರ್ಷ ಕುಂದಾಪುರದಲ್ಲಿ ಶಾಲೆಗಳ ರಸಪ್ರಶ್ನೆ ಇತ್ತು, ತಂಡವಿಲ್ಲದೆ ಒಬ್ಬೊಬ್ಬರೇ ಉತ್ತರಿಸುವಂಥದ್ದು. ನಮ್ಮಿಬ್ಬರನ್ನೂ ಅತ್ತೆಯೇ ಕರೆದುಕೊಂಡು ಹೋದರು. ವೇದಿಕೆಯ ಪಕ್ಕದಲ್ಲಿ ಕಾಯುವಾಗ ವಾರಿಜ ನನ್ನ ಕೈ ಹಿಡಿದಳು.

"ಗ್ರಹ ಎಲ್ಲ ಮರ್ತ್ ಹೋಯ್ತ್. ಸೂರ್ಯಂಗೆ ಹತ್ರ ಯಾರ್?"

"ಅಜ್ಜಯ್ಯ ಪೂಜಿಗೆ ಹೇಳ್ತ್ರಲ್ದಾ, ಅದೇ ಸಮ" ಎಂದೆ.

ನಮ್ಮ ಮನೆಯ ಮಕ್ಕಳಿಗೆ ಅಜ್ಜಯ್ಯನ ಆ ಪೂಜೆಯ ಸಾಲು ನಿದ್ದೆಯಲ್ಲೂ ಬರುತ್ತಿತ್ತು. ಅದೇ ಪ್ರಶ್ನೆ ಬಂತು, ಸೂರ್ಯನಿಂದ ಹೊರಟು ಗ್ರಹಗಳನ್ನು ಕ್ರಮವಾಗಿ ಹೇಳಬೇಕು. ವಾರಿಜ ಕೈಮುಗಿದುಕೊಂಡೇ "ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು" ಎಂದಳು. ಸಭೆ ಗೊಳ್ಳೆಂದು ನಕ್ಕಿತು. ಪ್ರಶ್ನೆ ನನಗೆ ದಾಟಿತು. ಬುಧನಿಂದ ಪ್ಲೂಟೊವರೆಗೆ ಒಂದೇ ಉಸಿರಿಗೆ ಹೇಳಿ ಅತ್ತೆಯ ಮುಖ ನೋಡಿದೆ. ಅವರು ವಾರಿಜಳನ್ನು ನೋಡುತ್ತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಮೆಲ್ಲಗೆ ಹೇಳುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಬಹುಮಾನದ ಸ್ಟೀಲ್ ತಟ್ಟೆ ಹಿಡಿದು ಕೂತಿದ್ದೆ. ಸೋತವಳಿಗೆ ಮಡಿಲು, ಗೆದ್ದವಳಿಗೆ ತಟ್ಟೆ. ನನ್ನ ಗೆಲುವಿನ ಚೆಂದವೇ ಅಷ್ಟು.

ಅತ್ತೆ ಹೋಗಿ ಮೂರು ವರ್ಷವಾಯಿತು. ಕೊನೆಗಾಲದಲ್ಲಿ ಇದ್ದದ್ದೂ ವಾರಿಜಳ ಮನೆಯಲ್ಲೇ. ನೋಡಲು ಹೋದಾಗಲೆಲ್ಲ ಆ ಸುಳ್ಳನ್ನು ಒಪ್ಪಿಕೊಳ್ಳಬೇಕೆಂದುಕೊಂಡು, ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಕಳೆದ ವಾರ ಕಡೆಗೂ ವಾರಿಜಳ ಹತ್ತಿರವೇ ಹೇಳಿದೆ. ಬೇಕೆಂದೇ ತಪ್ಪು ಹೇಳಿಕೊಟ್ಟೆ ಎಂದೆ.

"ಗೊತ್ತಿತ್ತ್" ಎಂದಳು, ಧಾನ್ಯದಿಂದ ಕಣ್ಣೆತ್ತದೆ. "ಬಸ್ಸಂಗೇ ಅತ್ತೆಗ್ ಹೇಳಿದ್ದೆ. ಅತ್ತೆ ಎಂತ ಹೇಳ್ರ್ ಗೊತ್ತಿತ್ತಾ? 'ಅವ್ಳ್ ಮೇಲೆ ಸಿಟ್ಟ್ ಮಾಡ್ಬೇಡ. ಅವ್ಳಿಗೆ ನಾನಂದ್ರೆ ಜೀವ. ನಂಗೂ ಅವ್ಳಂದ್ರೆ ಹಾಂಗೇ.'"

ನಾನು ಬಾಲ್ಯವಿಡೀ ಕೇಳಲು ಕಾದ ಮಾತು. ಅದನ್ನೂ ಅತ್ತೆ ಇವಳ ಕಿವಿಗೇ ಹೇಳಿದ್ದರು. ಮೂವತ್ತು ವರ್ಷ ಅದು ಇವಳ ಹತ್ತಿರ ಇತ್ತು.

"ಇಷ್ಟ್ ವರ್ಷ ಎಂತಕ್ ಹೇಳ್ಲಿಲ್ಲ?" ಎಂದೆ. ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು.

ವಾರಿಜ ಈಗ ಮುಖವೆತ್ತಿದಳು. "ಹೊಟ್ಟೆಕಿಚ್ಚ್ ನಿಂಗೊಬ್ಳಿಗೇ ಇಪ್ಪುದಾ, ಹೆಣೆ?"

ಅತ್ತೆ ಇದ್ದಿದ್ದರೆ ಇಬ್ಬರಿಗೂ ಸರಿಯಾಗಿ ಬೈಯುತ್ತಿದ್ದರು. ಬೈಸಿಕೊಳ್ಳುವ ಆಸೆಯಿಂದ ನಾನೂ ಗೆರಸೆಯ ಮುಂದೆ ಕೂತೆ, ನಮ್ಮಿಬ್ಬರ ನಡುವೆ ಅತ್ತೆ ಕೂರುವಷ್ಟು ಜಾಗ ಬಿಟ್ಟು.